ಕಿವಿ ಮೇಸ್ತ್ರಿಯೂ ಕೂತ ಗಾಡಿಯೂ

ಅವನನ್ನು ಎಲ್ಲರೂ ಕಿವಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಗಾಡಿ ಇನ್ನೂ ಬೀದಿಯ ತಿರುವಿನಲ್ಲಿ ಇರುವಾಗಲೇ ಅದರ ರೋಗ ಹೇಳುವವನು. ಬೇರಿಂಗ್ ಹೋಗಿದೆ, ಬೆಲ್ಟ್ ಸಡಿಲ, ಸೈಲೆನ್ಸರ್ ತೂತು. ಗಾಳಿ ಸೋರುವ ಜಾಗ ಹುಡುಕಲು ಬೇರೆಯವರು ಸೋಪಿನ ನೀರು ಬಳಿಯುತ್ತಿದ್ದರು. ಇವನು ಕಣ್ಣು ಮುಚ್ಚಿ ತಲೆ ವಾಲಿಸಿದರೆ ಮುಗಿಯಿತು.

ವರ್ಷದಿಂದ ಆ ಕಿವಿ ಕೈಕೊಡುತ್ತಿತ್ತು. ದಪ್ಪ ಸದ್ದೆಲ್ಲ ಕೇಳುತ್ತಿತ್ತು, ಸಣ್ಣ ಸದ್ದು ಬರುತ್ತಿರಲಿಲ್ಲ. ಮನೆಯ ಗೋಡೆ ಗಡಿಯಾರ ಟಿಕ್ ಟಿಕ್ ನಿಲ್ಲಿಸಿತೆಂದು ಒಂದು ದಿನ ಹೊಸ ಸೆಲ್ ಹಾಕಿದ. ಆಮೇಲೂ ಟಿಕ್ ಟಿಕ್ ಇಲ್ಲ, ಮುಳ್ಳು ಮಾತ್ರ ಓಡುತ್ತಲೇ ಇತ್ತು. ಯಾರಿಗೂ ಹೇಳಲಿಲ್ಲ. ಕಿವಿ ಹೋಯಿತು ಅಂದರೆ ಕಿವಿ ಮೇಸ್ತ್ರಿಯಲ್ಲಿ ಉಳಿಯುವುದೇನು? ಬರೀ ಮೇಸ್ತ್ರಿ. ಅಂಥವರು ಬೀದಿಗೆ ನಾಲ್ಕು ಜನ ಇದ್ದರು.

ಹೀಗಿರುವಾಗ ಭಾವನ ಗಾಡಿ ಬಂತು. ಭಾವ ಎಂದರೆ ಹೆಂಡತಿಯ ಅಣ್ಣ, ಬೇಕರಿಯವನು. ಅವನೂ ಮೇಸ್ತ್ರಿಯನ್ನು ಭಾವ ಎಂದೇ ಕರೆಯುತ್ತಿದ್ದ. ತಾನು ಮಾಡಿದ್ದನ್ನು ತಾನೇ ಮೊದಲು ತಿಂದು ನೋಡುವ ನಿಯತ್ತಿನ ಮನುಷ್ಯ. ಆ ನಿಯತ್ತು ಹೊಟ್ಟೆಯಲ್ಲಿ ಎದ್ದು ಕಾಣುತ್ತಿತ್ತು. ಬ್ರೆಡ್ಡಿನ ಟ್ರೇ ಸಾಗಿಸಲು ಎಲ್ಲರೂ ಸಣ್ಣ ವ್ಯಾನು ತೆಗೆದುಕೊಂಡರೆ ಇವನು ಯಾರೋ ಓಡಿಸಿ ಬಿಟ್ಟ ದೊಡ್ಡ ಎಸ್‌ಯುವಿ ತಂದಿದ್ದ. ಅದಕ್ಕೆ ಕಬ್ಬಿಣದ ಸ್ಪ್ರಿಂಗ್ ಇಲ್ಲ. ನಾಲ್ಕು ಚಕ್ರದ ಮೇಲೂ ರಬ್ಬರಿನ ಗಾಳಿಚೀಲ. ಕಂಪ್ರೆಸರ್ ಗಾಳಿ ತುಂಬಿದರೆ ಗಾಡಿ ಏಳುತ್ತದೆ.

"ಭಾವ, ಸಂಜೆ ಆನೆ ಹಾಗೆ ನಿಲ್ಲಿಸ್ತೀನಿ. ಬೆಳಿಗ್ಗೆ ನೋಡಿದ್ರೆ ಕೆಸರಲ್ಲಿ ಕೂತ ಎಮ್ಮೆ," ಎಂದ ಭಾವ.

ಮೇಸ್ತ್ರಿ ಗಾಡಿ ಎಬ್ಬಿಸಿದ. ನಾಲ್ಕೂ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು ಕಿವಿಗೊಟ್ಟ. ಏನೂ ಕೇಳಲಿಲ್ಲ. ಏನೂ ಕೇಳಲಿಲ್ಲ ಎನ್ನುವುದು ಹೇಗೆ?

"ನೀನು ನಿಲ್ಲಿಸೋ ಜಾಗ ಇಳಿಜಾರು ಭಾವ. ಮೇಲಿಂದ ನಿನ್ನ ತೂಕ ಬೇರೆ."

"ಗಾಡಿ ಕೂರೋ ಹೊತ್ತಿಗೆ ನಾನು ಮನೇಲಿ ಮಂಚದ ಮೇಲಿರ್ತೀನಿ ಕಣೋ. ನನ್ನ ತೂಕ ಅಲ್ಲಿಂದ ನಡ್ಕೊಂಡು ಬರುತ್ತಾ?"

ಪಕ್ಕದಲ್ಲೇ ಮೇಸ್ತ್ರಿಯ ಹೆಂಡತಿಯ ಹೊಲಿಗೆ ಅಂಗಡಿ. ಅವಳು ಮಿಷನ್ ತುಳಿಯುತ್ತಲೇ ಅಂದಳು: "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ."

ಗಾಡಿ ಗ್ಯಾರೇಜಿನ ಸಮನೆಲದ ಮೇಲೆ ಉಳಿಯಿತು. ಮೇಸ್ತ್ರಿ ಟೇಪು ಹಿಡಿದು ನಾಲ್ಕೂ ಮೂಲೆಯ ಎತ್ತರ ಅಳೆದು, ಮಡ್‌ಗಾರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ. ಬೆಳಿಗ್ಗೆ ಬಂದರೆ ನಾಲ್ಕೂ ಮೂಲೆ ಒಂದೇ ಸಮ ಇಳಿದಿತ್ತು. ಅವನಿಗೆ ಹೋದ ಜೀವ ಬಂದಂತಾಯಿತು. ನಾಲ್ಕು ಚೀಲವೂ ಒಟ್ಟಿಗೆ ಹರಿಯುತ್ತವೆಯೇ? ಹಾಗಾದರೆ ಚೀಲದಲ್ಲಿ ಸದ್ದೇ ಇಲ್ಲ, ತನ್ನ ಕಿವಿಯದೂ ತಪ್ಪಿಲ್ಲ.

"ಕಂಪ್ರೆಸರ್," ಎಂದು ತೀರ್ಪು ಕೊಟ್ಟ.

ಅದನ್ನು ಬಿಚ್ಚಿ, ತೊಳೆದು, ಕೂರಿಸುವಷ್ಟರಲ್ಲಿ ಒಂದು ಹಗಲು ಹೋಯಿತು. ಮರುದಿನ ಎಮ್ಮೆ ಮತ್ತೆ ಕೂತಿತ್ತು.

ಅಷ್ಟರಲ್ಲಿ ಭಾವ ಸ್ಕೂಟರಿನ ಹಿಂದೆ ಟ್ರೇ ಕಟ್ಟಿಕೊಂಡು ಅಂಗಡಿ ಅಂಗಡಿ ತಿರುಗುತ್ತಿದ್ದ. ಬ್ರೆಡ್ಡು ಹೊತ್ತು ಮೀರಿ ತಲುಪುತ್ತಿತ್ತು, ಅರ್ಧ ಚಪ್ಪಟೆಯಾಗಿ. ಗ್ಯಾರೇಜಿನ ಮುಂದೆ ನಿಂತ.

"ನಿನ್ನ ಕೈಲಿ ಆಗದಿದ್ರೆ ಹೇಳಿಬಿಡು ಭಾವ. ಬೇರೆ ಕಡೆ ತೋರಿಸ್ತೀನಿ."

ಅದರಲ್ಲಿ ತಮಾಷೆ ಇರಲಿಲ್ಲ. ಮೇಸ್ತ್ರಿಗೆ ಬಿಸಿತುಪ್ಪ ಬಾಯಲ್ಲಿಟ್ಟ ಹಾಗಾಯಿತು.

"ನಾಳೆ ಬಾ," ಎಂದ.

ಭಾವ ಹೋದ ಮೇಲೆ ಗಾಡಿಯನ್ನು ಮತ್ತೆ ಎಬ್ಬಿಸಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ನೆಲದ ಮೇಲೆ ಮಲಗಿ ಕಿವಿಯನ್ನು ಚೀಲಕ್ಕೇ ಅಂಟಿಸಿದ. ಹೆಂಡತಿ ಚಹಾ ಹಿಡಿದು ಬಂದಳು. ಬಾಗಿಲಲ್ಲಿ ಅವಳ ಕಾಲು ನಿಂತಿತು. ಅವಳ ಕಣ್ಣು ಬಲಗಡೆ ಮುಂದಿನ ಚಕ್ರಕ್ಕೆ ಹೋಯಿತು, ಥಟ್ಟನೆ ವಾಪಸು ಬಂತು.

"ಏನು?" ಎಂದ.

"ಏನಿಲ್ಲ. ಚಹಾ ಆರುತ್ತೆ."

ಅವಳಿಗೆ ಕೇಳಿಸಿತ್ತು. ಗಾಳಿ ಸೋರುವ ಸದ್ದು ಬಾಗಿಲವರೆಗೂ ಕೇಳಿಸಿತ್ತು. ಅವನು ಚಕ್ರದ ಕೆಳಗೇ ಮಲಗಿದ್ದ.

ಚಹಾ ಕುಡಿಯುತ್ತ ಕೂತ. ಹೇಳಿದರೆ ಅವನ ಮುಖ ಸಣ್ಣದಾಗುತ್ತದೆ ಎಂದು ಅವಳು ಕೇಳದವಳ ಹಾಗೆ ನಿಂತಿದ್ದಳು. ಎಷ್ಟು ದಿನದಿಂದ ಹೀಗೆ ನಿಂತಿದ್ದಾಳೋ. ಆಗ ಅವನ ತಲೆಗೆ ಹೊಳೆಯಿತು. ಗಾಡಿಯೂ ಅದನ್ನೇ ಮಾಡುತ್ತಿದೆ! ಒಂದು ಮೂಲೆ ಇಳಿದರೆ ಗಾಡಿ ಸೊಟ್ಟಗೆ ನಿಲ್ಲಬಾರದೆಂದು ಅದರ ಕಂಪ್ಯೂಟರ್ ಉಳಿದ ಮೂರನ್ನೂ ಅಷ್ಟಕ್ಕೇ ಇಳಿಸುತ್ತದೆ. ಕುಂಟ ಒಬ್ಬನೇ, ಅವನ ಮಾನ ಕಾಯಲು ಮೂವರು ಕುಂಟುತ್ತಾರೆ. ಇದು ಅವನಿಗೆ ಗೊತ್ತಿಲ್ಲದ್ದಲ್ಲ. ಕಿವಿಯ ಜಂಬದಲ್ಲಿ ಅತ್ತ ಯೋಚಿಸಿರಲಿಲ್ಲ, ಅಷ್ಟೆ.

ಸಂಜೆ ಮನೆಗೆ ಹೊರಡುವಾಗ ಆ ಕಂಪ್ಯೂಟರಿನ ಫ್ಯೂಸ್ ಕಿತ್ತಿಟ್ಟ. ಇನ್ನು ಯಾರೂ ಯಾರಿಗೂ ಜೊತೆ ಕೊಡುವಂತಿಲ್ಲ. ಬೆಳಿಗ್ಗೆ ಮೂರು ಮೂಲೆ ನೆಟ್ಟಗಿದ್ದವು. ಬಲಗಡೆ ಮುಂದಿನದು ಮಾತ್ರ ಚಕ್ರದ ಮೇಲೆ ಕವುಚಿಕೊಂಡಿತ್ತು.

ಬಕೆಟ್ಟಿನಲ್ಲಿ ಸೋಪು ಕಲಸಿದ. ಹೆಂಡತಿ ಮಿಷನ್ ನಿಲ್ಲಿಸಿ ನೋಡಿದಳು. ಫ್ಯೂಸ್ ಹಾಕಿ ಗಾಡಿ ಎಬ್ಬಿಸಿ, ಪೈಪಿನ ಜೋಡಣೆಗೆ ಬಳಿದ. ಗುಳ್ಳೆ ಇಲ್ಲ. ಚೀಲದ ಕೆಳಗಿನ ಮಡಿಕೆಗೆ ಬಳಿದ. ಕೂದಲೆಳೆಯಂಥ ಬಿರುಕಿನಿಂದ ನೊರೆ ಉಬ್ಬಿ ಉಬ್ಬಿ ಬಂತು. ಗಾಡಿ ಪೂರ್ತಿ ಇಳಿದಾಗ ಮಡಿಕೆ ಮುಚ್ಚಿಕೊಳ್ಳುತ್ತದೆ, ಎದ್ದಾಗ ಬಾಯಿ ಬಿಡುತ್ತದೆ.

ಭಾವ ಬಂದ. ನೊರೆ ನೋಡಿದ, ಮೇಸ್ತ್ರಿಯ ಮುಖ ನೋಡಿದ. ಬಾಯಿಗೆ ಬಂದ ಕುಚೋದ್ಯವನ್ನು ಇನ್ನೇನು ಬಿಡಬೇಕು, ಅಷ್ಟರಲ್ಲಿ ಮೇಸ್ತ್ರಿಯೇ ಅಂದ:

"ಭಾವ, ಸ್ವಲ್ಪ ಬಗ್ಗಿ ಕಿವಿ ಕೊಡು. ಬುಸ್ ಅಂತಿದ್ಯಾ?"

"ಯಾಕೆ, ನಿನ್ನ ಕಿವಿ?"

"ನನಗೆ ಕೇಳಲ್ಲ."

ಬೀದಿಯಲ್ಲಿ ಹೋಗುವವರಿಗೂ ಕೇಳುವಷ್ಟು ಜೋರಾಗಿಯೇ ಹೇಳಿದ. ಭಾವ ಮೊಣಕಾಲೂರಿ, ಕೈಯೂರಿ, ಹೊಟ್ಟೆಯನ್ನು ಒಂದು ಪಕ್ಕಕ್ಕೆ ಸರಿಸಿ ನೆಲಕ್ಕೆ ಒರಗಿದ.

"ಬುಸ್ ಅಂತಿದೆ," ಎಂದ ಕೆಳಗಿನಿಂದ. "ಎಷ್ಟು ದಿನದಿಂದ ಕೇಳ್ತಿಲ್ಲ?"

"ವರ್ಷ ಆಯ್ತು."

"ಅಯ್ಯೋ ಪಾಪಿ! ನಾನು ಬಾಯೊಳಗೇ ನಿನ್ನ ಬೈಕೊಂಡಿದ್ದೆಲ್ಲ ದಂಡ ಆಯ್ತಲ್ಲೋ!"

"ನಂಗೆ ಕೇಳಿದೆ ಅಣ್ಣ," ಎಂದಳು ಹೊಲಿಗೆಯ ಅಂಗಡಿಯಿಂದ ತಂಗಿ. "ಒಂದೂ ಬಿಟ್ಟಿಲ್ಲ."

ಮೇಸ್ತ್ರಿ ನಕ್ಕ. "ಇನ್ಮೇಲೆ ಜೋರಾಗಿ ಬೈ ಭಾವ. ಹೊಸ ಚೀಲ ತರಿಸ್ತೀನಿ, ಬಂದ ದಿನವೇ ಹಾಕಿ ಕೊಡ್ತೀನಿ."

"ಚೀಲ ಆಮೇಲೆ ತರಿಸು," ಭಾವ ನೆಲದಿಂದ ಗರ್ಜಿಸಿದ. "ಮೊದಲು ನನ್ನ ಎಬ್ಬಿಸೋ ದಾರಿ ನೋಡು!"

ಅದು ಮೇಸ್ತ್ರಿಗೆ ಚೆನ್ನಾಗಿಯೇ ಕೇಳಿಸಿತು. ಗಂಡ ಹೆಂಡತಿ ಇಬ್ಬರೂ ಸೇರಿ ಒಂದೊಂದು ಕೈ ಹಿಡಿದರು.