ಹೆಸರು ಕೂಗುವ ಹಕ್ಕು

ಹಾರ್ಲನ್ ಕ್ರೀಕ್ ಊರಿನ ಬೆಳೆವಿಮೆ ಕಚೇರಿಯಲ್ಲಿ ವರ್ಲೀನ್ ಟ್ಯಾಕೆಟ್‌ಳದು ಮೂವತ್ತೊಂದು ವರ್ಷದ ನೌಕರಿ. ರೈತರ ಅರ್ಜಿಗಳನ್ನು ಅಕ್ಷರದ ಪ್ರಕಾರ ಜೋಡಿಸಿಡುವ ಗುಮಾಸ್ತೆ ಕೆಲಸ. ಆದರೆ ಏಪ್ರಿಲ್ ಬಂತೆಂದರೆ ಮ್ಯಾನೇಜರೂ ಮೊದಲು ಆಕಾಶ ನೋಡಿ, ಆಮೇಲೆ ಅವಳ ಮುಖ ನೋಡುತ್ತಿದ್ದರು. ಸುಂಟರಗಾಳಿಯ ಸೈರನ್ ಕೂಗಿದ ಕೂಡಲೇ ಮೂರು ಮಹಡಿಯ ನಲವತ್ತೊಂದು ಜನರನ್ನು ಮೆಟ್ಟಿಲಿಳಿಸಿ, ಕೆಳಗಿನ ಕಿಟಕಿಯಿಲ್ಲದ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂರಿಸಿ, ಒಬ್ಬೊಬ್ಬರ ಹೆಸರನ್ನೂ ಕೂಗಿ ಲೆಕ್ಕ ಹಿಡಿಯುವವಳು ಅವಳು. ಹತ್ತೊಂಬತ್ತು ವಸಂತಗಳು ಹಾಗೆ ಕಳೆದಿದ್ದವು.

ಕೂಗುವುದನ್ನು ಅವಳು ಕಲಿತದ್ದು ತಾಯಿಯಿಂದ. ಒಕ್ಲಹೋಮಾದ ಗೋಧಿ ಹೊಲದ ನಡುವಿನ ಮನೆ, ಹಿತ್ತಲಲ್ಲಿ ನೆಲಮಾಳಿಗೆ, ಏಳು ಮಕ್ಕಳು. ಕತ್ತಲೆಯಲ್ಲಿ ತಾಯಿ ಒಂದೊಂದೇ ಹೆಸರು ಕರೆದು, ಏಳನೆಯ ದನಿ ಕಿವಿಗೆ ಬಿದ್ದ ಮೇಲೆಯೇ ತಲೆಯ ಮೇಲಿನ ಬಾಗಿಲಿಗೆ ಅಗಳಿ ಹಾಕುತ್ತಿದ್ದಳು. ಕಣ್ಣಿನ ಲೆಕ್ಕ ತಪ್ಪಬಹುದು, ದನಿಯ ಲೆಕ್ಕ ತಪ್ಪುವುದಿಲ್ಲ ಎನ್ನುತ್ತಿದ್ದಳು. ಗಂಡ ತೀರಿಕೊಂಡು, ಮಕ್ಕಳಿಲ್ಲದ ಮನೆಯಲ್ಲಿ ವರ್ಲೀನ್‌ಗೆ ಕೂಗಲು ಯಾವ ಹೆಸರೂ ಉಳಿದಿರಲಿಲ್ಲ. ತನ್ನದನ್ನು ಬಿಟ್ಟು ಕಚೇರಿಯ ನಲವತ್ತು ಹೆಸರುಗಳು ಮಾತ್ರ ಇದ್ದವು. ಯಾರು ಬಾಯಲ್ಲಿ ತಿಂಡಿ ಇಟ್ಟುಕೊಂಡು ಓಗೊಡುತ್ತಾರೆ, ಯಾರ ಗಂಟಲು ಹೆದರಿಕೆಗೆ ಒಣಗುತ್ತದೆ, ಎಲ್ಲ ಅವಳಿಗೆ ಬಾಯಿಪಾಠ.

ಈ ಫೆಬ್ರುವರಿಯಲ್ಲಿ ಮ್ಯಾನೇಜರು ಆ ಕೆಲಸವನ್ನು ಡೇಷಾಗೆ ಕೊಟ್ಟರು. ಡೇಷಾ ಟಲ್ಸಾ ನಗರದಿಂದ ಬಂದವಳು, ವಯಸ್ಸು ಇಪ್ಪತ್ತೊಂಬತ್ತು, ಕಚೇರಿ ಸೇರಿ ಎರಡು ವರ್ಷವಾಗಿತ್ತು. ಅವಳ ಪದ್ಧತಿಯಲ್ಲಿ ಕೂಗುವುದೇ ಇಲ್ಲ. ಎಲ್ಲರ ಫೋನಿಗೂ ಒಂದು ಸಂದೇಶ ಹೋಗುತ್ತದೆ, ‘ಕ್ಷೇಮ’ ಎಂಬಲ್ಲಿ ಒತ್ತಿದರೆ ಲೆಕ್ಕ ತಾನಾಗಿಯೇ ಕೂಡುತ್ತದೆ. ಇಷ್ಟು ವರ್ಷ ಓಡಾಡಿದ್ದು ಸಾಕು, ಇನ್ನು ಆರಾಮಾಗಿರಿ ಎಂದರು ಮ್ಯಾನೇಜರು. ವರ್ಲೀನ್ ನಕ್ಕಳು. ಲೆಕ್ಕ ಹಿಡಿಯುವವರು ತೊಡುವ ಕಿತ್ತಳೆ ಬಣ್ಣದ ಜಾಕೀಟನ್ನು ಮನೆಗೆ ಒಯ್ದು, ಒಗೆದು, ಇಸ್ತ್ರಿ ಮಾಡಿ ತಂದು ಡೇಷಾಳ ಕುರ್ಚಿಗೆ ತಾನೇ ತೊಡಿಸಿದಳು. ಇಸ್ತ್ರಿ ಮಾಡುವಾಗ ಬೆನ್ನಿನ ಕಡೆ ಬೇಕೆಂದೇ ಒಂದು ಸುಕ್ಕು ಬಿಟ್ಟಿದ್ದಳು.

ಮೊದಲ ತಾಲೀಮು ನಾಲ್ಕು ನಿಮಿಷಕ್ಕೆ ಮುಗಿಯಿತು. ವರ್ಲೀನಳ ಕಾಲದಲ್ಲಿ ಏಳು ಹಿಡಿಯುತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಬೆಳೆಹಾನಿ ತನಿಖೆಯ ಆರ್ವಿಲ್, ಇಪ್ಪತ್ತೇಳು ವರ್ಷದಿಂದ ಅವಳ ಪಕ್ಕದ ಮೇಜಿನವನು, ಲೋಟ ಎತ್ತಿ ತೋರಿಸಿದ.

“ನೋಡು ವರ್ಲೀನ್, ನೀನು ನನ್ನ ಹೆಸರಿಗೆ ಬರೋ ಹೊತ್ತಿಗೆ ಕಾಫಿ ಆರಿ ತಣ್ಣಗಾಗಿರ್ತಿತ್ತು. ಈ ಹುಡುಗಿ ಪುಣ್ಯದಿಂದ ಇನ್ನೂ ಹೊಗೆ ಆಡ್ತಾ ಇದೆ.”

ಆ ಮಾತು ಹಲ್ಲಿನ ಸಂದಿಗೆ ಸಿಕ್ಕಿದ ನಾರಿನಂತೆ ಉಳಿದುಬಿಟ್ಟಿತು. ಎಷ್ಟು ಬೇಡವೆಂದರೂ ನಾಲಿಗೆ ಅಲ್ಲಿಗೇ ಹೋಗುತ್ತಿತ್ತು. ಡೇಷಾ ಕೆಟ್ಟವಳಾಗಿದ್ದರೆ ಎಷ್ಟೋ ವಾಸಿಯಿತ್ತು. ವರ್ಲೀನ್ ಶೀತವೆಂದು ರಜೆ ಹಾಕಿದ ದಿನ ಅವಳು ಕೋಳಿಸಾರು ಹಿಡಿದು ಮನೆ ಬಾಗಿಲಿಗೆ ಬಂದಳು. ಸಾರು ರುಚಿಯಾಗಿಯೂ ಇತ್ತು. ವರ್ಲೀನ್ ಪಾತ್ರೆ ಬಳಿದು ತಿಂದಳು, ತಿನ್ನುತ್ತಲೇ ಹೊಟ್ಟೆ ಉರಿದುಕೊಂಡಳು.

ಮೇ ತಿಂಗಳ ಒಂದು ಮಧ್ಯಾಹ್ನ, ಮೂರು ದಾಟಿದ ಮೇಲೆ, ಆಕಾಶ ಹಳೆಯ ಪೆಟ್ಟಿನ ಕಲೆಯ ಹಸಿರಿಗೆ ತಿರುಗಿತು. ಸೈರನ್ ಕೂಗಿತು. ಡೇಷಾ ದನಿ ಎತ್ತರಿಸದೆಯೇ ಎಲ್ಲರನ್ನೂ ಕೆಳಗಿಳಿಸಿದಳು. ಪಡಸಾಲೆಯಲ್ಲಿ ಫೋನುಗಳು ಗುಂಯ್‌ಗುಟ್ಟಿದವು. ನಲವತ್ತೊಂದಕ್ಕೆ ನಲವತ್ತೊಂದು ಎಂದು ಹೇಳಿ ಅವಳು ಕಬ್ಬಿಣದ ಬಾಗಿಲು ಮುಚ್ಚಿದಳು.

ಗೋಡೆಗೆ ಹಣೆಯೊತ್ತಿ ಕುಳಿತ ವರ್ಲೀನ್ ತನಗರಿವಿಲ್ಲದೆಯೇ ಕೆಮ್ಮು, ಪಿಸುಮಾತು, ಪ್ರಾರ್ಥನೆಗಳನ್ನು ಎಣಿಸುತ್ತಿದ್ದಳು. ಒಂದು ದನಿ ಇರಲಿಲ್ಲ. ಆರ್ವಿಲ್ ಇರಲಿಲ್ಲ.

ಅವನು ಎಲ್ಲಿದ್ದಾನೆಂದು ಅವಳಿಗೆ ಆ ಕ್ಷಣವೇ ಗೊತ್ತಾಯಿತು. ಹಿಂಬಾಗಿಲಲ್ಲಿ, ಸಾಮಾನು ಇಳಿಸುವ ಕಟ್ಟೆಯ ಮೇಲೆ, ಸೊಂಟದ ಮೇಲೆ ಕೈಯಿಟ್ಟು ಮೋಡ ನೋಡುತ್ತಿದ್ದಾನೆ. ಈ ಕಡೆಯ ಗಂಡಸರೇ ಹಾಗೆ. ಸೈರನ್ ಕೇಳಿದರೆ ಹೆಂಗಸರು ತಲೆಗೆ ದಿಂಬು ಹಿಡಿದು ಒಳಗೆ ಓಡುತ್ತಾರೆ, ಗಂಡಸರು ಜಗಲಿಗೆ ಬರುತ್ತಾರೆ. ಗಾಳಿ ಯಾವತ್ತೂ ಹೊಳೆಯ ದಂಡೆ ಹಿಡಿದು ಬಡಗಣಕ್ಕೆ ಹೊರಳುತ್ತದೆಂದು ಆರ್ವಿಲ್ ಸಾವಿರ ಸಲ ಹೇಳಿದ್ದ. ಅವನು ಸುಳ್ಳು ಒತ್ತಿರಲಿಲ್ಲ. ತಾನು ಕ್ಷೇಮವೆಂದು ನಿಜವಾಗಿ ನಂಬಿ, ಕಟ್ಟೆಯ ಮೇಲಿಂದಲೇ ಒತ್ತಿದ್ದ. ಹಿಂದೆಲ್ಲ, ಸೈರನ್ ಕೂಗಿದಾಗಲೂ ತಾಲೀಮಿನಲ್ಲೂ, ಅವನ ಹೆಸರಿಗೆ ಓಗೊಡುವವರಿಲ್ಲದೆ, ಅವಳೇ ಹೋಗಿ ಅಂಗಿಯ ತೋಳು ಹಿಡಿದು ಎಳೆತರುತ್ತಿದ್ದಳು. ಏಳು ನಿಮಿಷ ಆಗುತ್ತಿದ್ದುದು ಅದಕ್ಕೆ.

ಕೈಗಡಿಯಾರದಲ್ಲಿ ಮೂರು ಹನ್ನೆರಡು.

ಇರಲಿ, ಎಂದಿತು ಮನಸ್ಸು. ಗಾಳಿ ಹೇಗೂ ಹೊಳೆಗೇ ಹೋಗುತ್ತದೆ. ಆಮೇಲೆ ಅವನು ಹಿಂಬಾಗಿಲಿಂದ ಹಲ್ಲು ಕಿರಿಯುತ್ತ ಬರಲಿ. ಲೆಕ್ಕ ತಪ್ಪಿದ್ದನ್ನು ಎಲ್ಲರೂ ನೋಡಲಿ, ಮ್ಯಾನೇಜರೂ ನೋಡಲಿ. ಡೇಷಾ ಬಸುರಿ ಹುಡುಗಿಯೊಬ್ಬಳ ಬೆನ್ನು ನೀವುತ್ತಿದ್ದಳು. ವರ್ಲೀನ್ ಅವಳನ್ನೇ ನೋಡುತ್ತ ಕುಳಿತಳು. ಬಾಯಲ್ಲಿ ಏನೋ ಸಿಹಿಯೂರಿದಂತಿತ್ತು.

ದೀಪ ಆರಿತು. ಕಿವಿಗಳು ಗವ್ವೆಂದು ಮುಚ್ಚಿಕೊಂಡವು. ಸುಂಟರಗಾಳಿ ತೀರ ಹತ್ತಿರ ಬಂದಾಗಿನ ಆ ಕಿವಿಕಟ್ಟು ಅವಳಿಗೆ ಗೊತ್ತಿತ್ತು. ಗಾಳಿ ಹೊಳೆಯ ಕಡೆ ಹೊರಳಿರಲಿಲ್ಲ.

“ಡೇಷಾ, ಆರ್ವಿಲ್ ಒಳಗಿಲ್ಲ. ಹಿಂದಿನ ಕಟ್ಟೆ ಮೇಲಿದಾನೆ.”

ಡೇಷಾ ಫೋನಿನ ಕಡೆ ನೋಡಲಿಲ್ಲ, ಹೇಗೆ ಗೊತ್ತೆಂದು ಕೇಳಲಿಲ್ಲ. ಬಾಗಿಲು ಹಿಡಿದುಕೊಳ್ಳಿ ಎಂದವಳೇ ಕತ್ತಲೆಗೆ ಓಡಿದಳು. ವರ್ಲೀನ್ ಎರಡೂ ಕೈಯಿಂದ ಬಾಗಿಲು ತಡೆದು ನಿಂತಳು. ಆಗಲೂ, ಆ ಭಯದಲ್ಲೂ, ಆ ಓಟ ತನ್ನದಾಗಬೇಕಿತ್ತು ಎನಿಸಿತು. ಇಬ್ಬರೂ ಮರಳಿದಾಗ ಆರ್ವಿಲ್‌ನ ಬಲಗೈ ಭುಜದಿಂದ ಜೋತಾಡುತ್ತಿತ್ತು. ಗಾಳಿಗೆ ಬಡಿದ ಹಿಂಬಾಗಿಲು ಅದನ್ನು ಎರಡು ಕಡೆ ಮುರಿದಿತ್ತು. ಅಗಳಿ ಬಿದ್ದದ್ದೇ ತಡ, ಕಟ್ಟಡದ ಹಿಂಭಾಗ ದೊಡ್ಡದೊಂದು ಪ್ರಾಣಿಯಂತೆ ನರಳಿತು. ಸದ್ದಡಗಿ ಹೊರಬಂದಾಗ ಆ ಕಟ್ಟೆ ಇದ್ದ ಜಾಗದಲ್ಲಿ ಕಂಬಿಗಳು ಮಾತ್ರ ಉಳಿದಿದ್ದವು.

ಮರುದಿನ ಡೇಷಾ ವರದಿಯ ಹಾಳೆ ಹಿಡಿದು ವರ್ಲೀನಳ ಮೇಜಿಗೆ ಬಂದಳು. ಪ್ರತಿ ಸೈರನ್ನಿಗೂ ಇಂಥದೊಂದು ಹಾಳೆ ತುಂಬಲೇಬೇಕು. ಆ ನಿಯಮ ಮಾಡಿದವಳೂ ವರ್ಲೀನಳೇ.

“ವರ್ಲೀನ್ ಮೇಡಂ, ನೀವಿಲ್ದಿದ್ರೆ ಆರ್ವಿಲ್ ಇವತ್ತು ಇರ್ತಿರ್ಲಿಲ್ಲ. ಫೋನ್ ನಂಬಿ ನಾನು ತಪ್ಪು ಮಾಡ್ದೆ. ಹೆಸರು ಕೂಗೋ ಕೆಲಸ ಮತ್ತೆ ನಿಮಗೇ ಕೊಡಿ ಅಂತ ಮ್ಯಾನೇಜರ್‌ಗೆ ಹೇಳಿದೀನಿ, ಒಪ್ಪಿದಾರೆ. ಈ ಒಂದು ಸಾಲು ನೀವು ತುಂಬಿಬಿಡಿ.”

ಒಬ್ಬರು ಕಾಣೆಯಾದದ್ದನ್ನು ಡೇಷಾಗೆ ತಿಳಿಸಿದ ಹೊತ್ತು: ಮೂರು ಹದಿನಾಲ್ಕು. ಅದು ಡೇಷಾಳ ಕೈಬರಹ. ಅದರ ಕೆಳಗಿನ ಸಾಲು, ಅದು ಮೊದಲು ಗಮನಕ್ಕೆ ಬಂದ ಹೊತ್ತು, ಖಾಲಿಯಿತ್ತು. ಅಲ್ಲಿಯೂ ಹದಿನಾಲ್ಕು ಎಂದು ಬರೆದರೆ ನಲವತ್ತು ಹೆಸರುಗಳೂ ವಾಪಸು ಬರುತ್ತವೆ. ಕಿತ್ತುಕೊಂಡವಳೇ ಕೈಯೆತ್ತಿ ಕೊಡುತ್ತಿದ್ದಳು, ಮನಸ್ಸಿನಲ್ಲಿ ಒಂದು ಸುಕ್ಕೂ ಇಲ್ಲದೆ.

ವರ್ಲೀನ್ ಪೆನ್ನು ತೆಗೆದುಕೊಂಡು ಮೂರು ಹನ್ನೆರಡು ಎಂದು ಬರೆದಳು.

ಡೇಷಾ ಎರಡೂ ಸಾಲುಗಳನ್ನು ಓದಿದಳು. ಮತ್ತೊಮ್ಮೆ ಓದಿದಳು.

“ಎರಡು ನಿಮಿಷ ಏನ್ ಮಾಡ್ತಿದ್ರಿ?”

“ನಿನ್ನನ್ನ ನೋಡ್ತಾ ಕೂತಿದ್ದೆ.”

ಡೇಷಾಳ ಮುಖದಲ್ಲಿ ಏನೋ ಮೆಲ್ಲಗೆ ಮುಚ್ಚಿಕೊಂಡಿತು. ಅವಳು ಹಾಳೆ ಎತ್ತಿಕೊಂಡು ನೇರವಾಗಿ ಮ್ಯಾನೇಜರ ಕೋಣೆಯತ್ತ ನಡೆದಳು. ಏನು ಮಾಡಬೇಕೆಂಬುದರಲ್ಲಿ ಅರೆಗಳಿಗೆಯೂ ಅಳುಕದ ಆ ನಡಿಗೆಯನ್ನು ನೋಡುತ್ತಿದ್ದಂತೆ ವರ್ಲೀನ್‌ಗೆ ಮತ್ತೆ ಹೊಟ್ಟೆಕಿಚ್ಚಾಯಿತು.