ಕಾಗದದ ಅವಳಿ

ಶಾಲೆಯ ದಾಖಲೆ ನಂಬಿದರೆ ಕುಬಿಹಾಳದ ಅನ್ನಪೂರ್ಣಾ ಮತ್ತು ಅವಳ ಅಕ್ಕ ಕೆಂಚವ್ವ ಅವಳಿ ಜವಳಿ. ಇಬ್ಬರೂ ಜೂನ್ ಒಂದರಂದು ಹುಟ್ಟಿದವರು. ನಿಜಕ್ಕೂ ಇವರ ನಡುವೆ ಎರಡು ವರ್ಷದ ಅಂತರ. ಒಬ್ಬಳೇ ಶಾಲೆಗೆ ಹೋಗಲಾರೆನೆಂದು ಕೆಂಚವ್ವ ರಂಪ ಮಾಡಿದ್ದಕ್ಕೆ, ಕುರಿ ಕಾಯುವ ಅಪ್ಪ ಹನಮಂತಪ್ಪ ನಾಲ್ಕು ವರ್ಷದ ಅನ್ನಪೂರ್ಣಾಳನ್ನೂ ಹೆಗಲ ಮೇಲೆ ಕೂರಿಸಿಕೊಂಡು ಬಂದ.

"ಇಬ್ಬರಿಗೂ ಆರು ಅಂತ ಬರಕೋರಿ ಮಾಸ್ತರ. ಅವಳಿ ಜವಳಿ ಅಂದ್ರ ಆತು, ಜೋಡೀಲೆ ಬರ್ತಾವ."

ಮಡಿವಾಳೆಪ್ಪ ಮಾಸ್ತರರು ದೊಡ್ಡ ಮನಸ್ಸು ಮಾಡಿ ಬರೆದುಕೊಂಡರು. ಆ ಜೋಡಿಯಾದರೂ ಉಳಿಯಿತೇ? ಏಳನೇ ಇಯತ್ತೆ ಮುಗಿಯುತ್ತಲೇ ಕೆಂಚವ್ವ ಶಾಲೆ ಬಿಟ್ಟು ಕುರಿಗಳ ಹಿಂದೆ ಹೋದಳು.

ಅನ್ನಪೂರ್ಣಾ ಓದಿನಲ್ಲಿ ಅಷ್ಟಕ್ಕಷ್ಟೇ. ಓಟದಲ್ಲಿ ಮಾತ್ರ ಯಾರ ಕೈಗೂ ಸಿಕ್ಕವಳಲ್ಲ. ಕುಂದಗೋಳದ ಹೈಸ್ಕೂಲಿನಲ್ಲಿ ಸಾಧಿಕ್ ಸರ್ ಅವಳಿಗೆ ರಗ್ಬಿ ಕಲಿಸಿದರು. ತಂಡಕ್ಕೆ ಏಳೇ ಜನ, ಏಳೇಳು ನಿಮಿಷದ ಎರಡು ಪಾಳಿ. ಚೆಂಡು ಹಿಡಿದು ಮುಂದೆ ಓಡಬೇಕು, ಎಸೆಯುವುದು ಮಾತ್ರ ಹಿಂದಿನವರಿಗೆ. "ಇದೆಂಥಾ ಉಲ್ಟಾ ಆಟ ಬೇ!" ಎಂದು ಅವ್ವ ನಕ್ಕಿದ್ದಳು. ನಾಲ್ಕು ವರ್ಷದಲ್ಲಿ ಜಿಲ್ಲೆ, ರಾಜ್ಯ ದಾಟಿ, ಹದಿನೆಂಟರೊಳಗಿನವರ ದೇಶದ ತಂಡದ ಆಯ್ಕೆಗೆ ಕರೆ ಬಂತು. ಹುಡುಗಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಕಾಗದಪತ್ರ ನೋಡುತ್ತಿದ್ದ ಸಾಧಿಕ್ ಸರ್ ತಲೆಯ ಮೇಲೆ ಕೈ ಹೊತ್ತರು. "ಇದರಾಗ ಹದಿನೆಂಟು ತುಂಬ್ಯಾವಲ್ಲವಾ!"

"ಇಲ್ರಿ ಸರ್, ನನಗ ಹದಿನಾರು."

ಅದಕ್ಕೆ ಪುರಾವೆ ಏನು ತೋರಿಸುವುದು? ಅನ್ನಪೂರ್ಣಾ ಹುಟ್ಟಿದ್ದು ಅಳ್ನಾವರದ ಕಡೆ, ಕುರಿ ಮೇಯಿಸಲು ಹೋದಾಗ ಹಾಕಿದ್ದ ಕುರಿಹಟ್ಟಿಯಲ್ಲಿ. ಆ ಹುಟ್ಟನ್ನು ಯಾವ ಕಚೇರಿಯಲ್ಲೂ ಬರೆಸಿರಲಿಲ್ಲ. ತಿದ್ದಿಸಬೇಕೆಂದರೆ ಕೋರ್ಟಿಗೆ ಹೋಗಬೇಕು; ಆಯ್ಕೆಗೆ ಉಳಿದದ್ದು ಎಂಟೇ ದಿನ. ನಿವೃತ್ತರಾಗಿದ್ದ ಮಡಿವಾಳೆಪ್ಪ ಮಾಸ್ತರರ ಮನೆಗೆ ಅಪ್ಪ ಓಡಿದ. ಅವರು ತಲೆ ತಗ್ಗಿಸಿ ಚಹಾ ಕೊಟ್ಟರು. ಚಹಾ ತೊಗೊಂಡು ಏನು ಮಾಡುವುದು?

ಹದಿನೆಂಟು ತುಂಬಿದವಳೆಂದ ಮೇಲೆ ಉಳಿದದ್ದು ಹೆಂಗಸರ ತಂಡವೊಂದೇ. "ಇನ್ನೂ ಸಣ್ಣಾಕಿ ಅದಿ, ಒಂದು ವರ್ಷ ತಡಿಯವಾ," ಎಂದರು ಸಾಧಿಕ್ ಸರ್.

"ಮೊದಲೇ ಎರಡು ವರ್ಷ ಕಳಕೊಂಡೇನ್ರಿ ಸರ್. ಇನ್ನೂ ತಡೀಲೇನ್ರಿ?"

ಅವರು ಹೆಂಗಸರ ತಂಡಕ್ಕೆ ಅವಳ ಹೆಸರು ಕೊಟ್ಟರು. ಕೊಡಬಾರದಿತ್ತು.

ನಲವತ್ತನಾಲ್ಕು ಕಿಲೋದ ಹುಡುಗಿ ಮೂರನೇ ಪಂದ್ಯದಲ್ಲಿ ಚೆಂಡು ಹಿಡಿದು ಅಂಕದ ಗೆರೆಯ ಹತ್ತಿರ ಬಂದಾಗ, ಗಟ್ಟಿಮುಟ್ಟಾದ ಹೆಂಗಸೊಬ್ಬಳು ನಿಯಮದಂತೆಯೇ ಸೊಂಟ ಹಿಡಿದು ಕೆಡವಿದಳು. ಕಾಲು ನೆಟ್ಟಲ್ಲೇ ನೆಟ್ಟಿತ್ತು, ಮೈ ತಿರುಗಿತು. ಮೊಣಕಾಲು ಮುರಿದ ಸದ್ದು ಬೇಲಿಯ ತನಕ ಕೇಳಿಸಿತು. ಕೆಡವಿದವಳೇ ಬಾಜೂಕ ಕೂತು ಅವಳ ಕೈ ಹಿಡಿದುಕೊಂಡು ಅತ್ತಳು.

"ನಡೀತಾಳ. ಆಟದ ಮಾತು ಬಿಟ್ಟುಬಿಡ್ರಿ," ಎಂದು ಹೇಳಿ ಡಾಕ್ಟರು ಹೋದರು. ಚೀಟಿ ತುಂಬಿಸಲು ಬಂದ ನರ್ಸ್ ವಯಸ್ಸು ಕೇಳಿದಳು. ಹನ್ನೆರಡು ವರ್ಷ ಎಲ್ಲಿ ಕೇಳಿದರೂ ಕಾಗದದ ವಯಸ್ಸನ್ನೇ ಹೇಳುತ್ತ ಬಂದಿದ್ದ ಹನಮಂತಪ್ಪ ಮಗಳ ಮುಖ ನೋಡಿದ.

"ಹದಿನಾರ್ರಿ ಅಕ್ಕಾರ. ಬರೀ ಹದಿನಾರು."

ನರ್ಸ್ ಆಧಾರ್ ಕಾರ್ಡು ತಿರುಗಿಸಿ ನೋಡಿ, ಹದಿನೆಂಟು ಎಂದು ಬರೆದುಕೊಂಡಳು.