ಟೈರು ಬಂತು, ಅವರು ಬರಲಿಲ್ಲ

ನಮ್ಮನೆಯವರು ಸುಳ್ಳು ಹೇಳುವವರಲ್ಲ. ಆದರೆ ಎಲ್ಲಿದ್ದೀರಿ ಅಂತ ಫೋನಿನಲ್ಲಿ ಕೇಳಿದರೆ ಅವರು ಕೊಡುವ ಉತ್ತರವನ್ನು ಮಾತ್ರ ನಾನು ನಂಬುವುದಿಲ್ಲ. ನಾಗಪುರದಲ್ಲಿ ನಿಂತುಕೊಂಡು "ಇನ್ನೇನು ಬಂದ್ಬಿಟ್ಟೆ ಕಣೇ" ಅನ್ನುತ್ತಾರೆ. ಲಾರಿಯ ಮುಖ ಮನೆ ಕಡೆ ತಿರುಗಿದರೆ ಡ್ರೈವರುಗಳ ಲೆಕ್ಕದಲ್ಲಿ ಬಂದಂತೆಯೇ ಇರಬೇಕು. ಮದುವೆಯಾಗಿ ಇಪ್ಪತ್ತೆರಡು ವರ್ಷ. ಅದರಲ್ಲಿ ಒಟ್ಟಿಗೆ ಇದ್ದದ್ದು ಎಷ್ಟು ದಿನ ಅಂತ ನಾನು ಕೂಡಿಸಲು ಹೋಗಿಲ್ಲ.

ಇಂಥವಳಿಗೆ ಅವರು ಲಾರಿ ಓಡಿಸುವ ಕಂಪನಿಯದೇ ಹೊಸಕೋಟೆ ಯಾರ್ಡಿನಲ್ಲಿ, ಟೈರ್ ವಿಭಾಗದಲ್ಲಿ ಕೆಲಸ ಸಿಕ್ಕಿತು. ಮೊದಲೆಲ್ಲ ಕೆಸರು ಒರೆಸಿ, ಟಾರ್ಚ್ ಬಿಟ್ಟು ಟೈರಿನ ನಂಬರು ಓದಿ ಬರೆದುಕೊಳ್ಳುತ್ತಿದ್ದೆವು. ಈಗ ಒಂದೊಂದು ಟೈರಿನೊಳಗೂ ಬೆರಳಗಲದ ಚಿಪ್ ಅಂಟಿಸಿದ್ದಾರೆ. ನಮ್ಮೂರು ಅನುಗೊಂಡನಹಳ್ಳಿಯಲ್ಲಿ ನಮ್ಮ ಹಸುವಿನ ಕಿವಿಗೆ ಹಳದಿ ಬಿಲ್ಲೆ ಹೊಡೆದಿದ್ದಾರಲ್ಲ, ಹಾಗೆ. ಹಸುವಿನ ಬಿಲ್ಲೆ ಓದಬೇಕಾದರೆ ಕಿವಿ ಹಿಡಿಯಬೇಕು, ಒದೆಸಿಕೊಳ್ಳಬೇಕು. ಇಲ್ಲಿ ಲಾರಿ ಯಾವ ಊರಿನ ನಮ್ಮ ಡಿಪೋ ಗೇಟು ದಾಟಿದರೂ ಸಾಕು, ಗೇಟಿನ ಯಂತ್ರವೇ ರೇಡಿಯೋ ಅಲೆಯಲ್ಲಿ ಓದಿಕೊಂಡು ನನ್ನ ಕಂಪ್ಯೂಟರಿಗೆ ಹೇಳುತ್ತದೆ: ಇದು ಇಂಥ ಟೈರು, ಇಂಥ ಲಾರಿಯದು, ಇಷ್ಟು ಓಡಿದೆ. ಲಾರಿ ಎಲ್ಲಿದೆ ಅಂತ ತೋರಿಸುವ ನಕ್ಷೆ ಬೇರೆ ಇದೆ. ಅದು ಮೇಲಿನ ಮಹಡಿಯವರದು. ನನ್ನ ಪಾಲಿಗೆ ಬಂದದ್ದು ಟೈರು.

ಅಷ್ಟೇ ಸಾಕಾಗಿತ್ತು. ನಮ್ಮವರ ಲಾರಿಯ ಹತ್ತು ಟೈರು, ಮೇಲೊಂದು ಬದಲಿಗಿಟ್ಟ ಸ್ಟೆಪ್ನಿ, ಹನ್ನೊಂದರ ನಂಬರೂ ನನಗೆ ಬಾಯಿಪಾಠ. ಸ್ವಂತ ಮಗಳ ಫೋನ್ ನಂಬರು ಬರುವುದಿಲ್ಲ. ಟೈರು ಪುಣೆ ದಾಟಿದರೆ ರಾಗಿ ಹಿಟ್ಟು ಮಾಡಿಸುತ್ತಿದ್ದೆ, ಹುಬ್ಬಳ್ಳಿ ದಾಟಿದರೆ ತಲೆಗೆ ನೀರು ಹಾಕಿಕೊಳ್ಳುತ್ತಿದ್ದೆ. ಈ ವಯಸ್ಸಿನಲ್ಲಿ ಬಾಯಿಬಿಟ್ಟು ಹೇಳಲು ನಾಚಿಕೆ, ಬರೆಯಲು ಪರವಾಗಿಲ್ಲ.

ಕಳೆದ ಸಲ ಅವರೆಕಾಯಿ ಕಾಲದಲ್ಲಿ ಅವರು ಹೋಗಿ ಒಂದು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಫೋನ್ ಮಾಡಿ, "ಇನ್ನೂ ಮೂರು ದಿನ ಆಗುತ್ತೆ ಕಣೇ, ಸ್ವಲ್ಪ ತೊಂದ್ರೆ" ಅಂದರು. ಅಷ್ಟರಲ್ಲಿ ಸಿಗ್ನಲ್ ಹೋಯಿತು. ಅದೇ ಮಧ್ಯಾಹ್ನ ನೋಡುತ್ತೇನೆ, ಅವರ ಲಾರಿಯ ಟೈರು ಹುಬ್ಬಳ್ಳಿ ಗೇಟಿನಲ್ಲಿ! ಹನ್ನೊಂದರಲ್ಲಿ ಒಂದೇ ಕಾಣಿಸಿತ್ತು. ಉಳಿದವುಗಳ ಚಿಪ್ಪನ್ನು ಯಂತ್ರ ಓದಿಲ್ಲ ಅಂದುಕೊಂಡೆ. ಬೇರೆಯವರ ಲಾರಿಯಾಗಿದ್ದರೆ ತಕ್ಷಣ ಫೋನ್ ಮಾಡಿ ವಿಚಾರಿಸುತ್ತಿದ್ದೆ. ನಮ್ಮವರದಾದ್ದರಿಂದ, 'ಓಹೋ, ಹೇಳದೆ ಬಂದು ನನ್ನನ್ನು ಬೆಚ್ಚಿಬೀಳಿಸುವ ಯೋಚನೆ' ಅಂತ ಖುಷಿಯಾದೆ.

ಸಂಜೆ ಕೂತು ಎರಡು ಕೆ.ಜಿ. ಅವರೆಕಾಯಿ ಸುಲಿದು, ನೆನೆಹಾಕಿ, ಬೆಳಿಗ್ಗೆ ಒಂದೊಂದೇ ಕಾಳು ಹಿತುಕಿ ಸಾರು ಮಾಡಿದೆ. ಡಬ್ಬಿ ಹಿಡಿದು ಯಾರ್ಡಿಗೆ ಹೋದೆ. ಹತ್ತು ಗಂಟೆಗೆ ಗೇಟು ಕೂಗಿತು, ಅದೇ ನಂಬರು. ಓಡಿಹೋದೆ. ಲಾರಿಯಿಂದ ಇಳಿದವನು ಸಾಸಲು ಹಳ್ಳಿಯ ಮುನಿರಾಜ, ನಮ್ಮವರ ಜೊತೆಜೊತೆಗೆ ಇನ್ನೊಂದು ಲಾರಿ ಓಡಿಸುವವನು. ಬಂದ ಲಾರಿಯೂ ಅವನದೇ, ನಮ್ಮವರದಲ್ಲ.

"ಎಲ್ಲಪ್ಪಾ ಅವರು?" ಅಂದೆ.

"ಅಣ್ಣ ಹೇಳಲಿಲ್ವಾ ಅಕ್ಕಾ? ಕೊಲ್ಲಾಪುರದ ಹತ್ರ ನನ್ ಟೈರು ಸಿಡೀತು. ಸ್ಟೆಪ್ನೀನೂ ಹೋಗಿತ್ತು. ಹೆಂಡ್ತಿಗೆ ದಿನ ತುಂಬಿದೆ ಅಂದೆ. ಅವರ ಸ್ಟೆಪ್ನಿ ಬಿಚ್ಚಿ ತಾವೇ ನಿಂತು ಹಾಕ್ಕೊಟ್ರು. ನಾನು ಹೊರಟ ಮೇಲೆ ಅವರದೂ ಒಂದು ಸಿಡೀತಂತೆ. ಈಗ ಅವರಿಗೇ ಸ್ಟೆಪ್ನಿ ಇಲ್ಲ, ಅಲ್ಲೇ ಕೂತವ್ರೆ."

ನನಗೆ ಮೊದಲು ಬಂದದ್ದು ಕೋಪ. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಮುನಿರಾಜನ ಕಣ್ಣು ಕೆಂಪಾಗಿತ್ತು, ಏನೂ ತಿಂದಂತಿರಲಿಲ್ಲ. ಡಬ್ಬಿ ಅವನ ಕೈಗಿಟ್ಟು, "ತಿಂದ್ಬಿಟ್ಟು ಹೋಗು" ಅಂದೆ. ಅವನು ನಿಂತುಕೊಂಡೇ ತಿಂದು ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಓಡಿದ. ಆಮೇಲೆ ಆ ಟೈರನ್ನು ನಮ್ಮವರ ಲಾರಿಯಿಂದ ತೆಗೆದು ಅವನ ಲಾರಿಯ ಹೆಸರಿಗೆ ಬದಲಾಯಿಸಬೇಕಿತ್ತು. ಎರಡು ಗುಂಡಿ ಒತ್ತುವ ಕೆಲಸ. ಮಧ್ಯಾಹ್ನದವರೆಗೂ ಕೈ ಬರಲಿಲ್ಲ. ಸಂಜೆ ಅವನು ಫೋನ್ ಮಾಡಿ, "ಹೆಣ್ಣುಮಗು ಅಕ್ಕಾ, ಇಬ್ಬರೂ ಚೆನ್ನಾಗವ್ರೆ" ಅಂದಾಗ, ಒಬ್ಬಳೇ ಕೂತು ಸ್ವಲ್ಪ ಅತ್ತೆ.

ಅವರು ಹೇಳಿದಂತೆ ಮೂರನೆಯ ದಿನವೇ ಬಂದರು. ಜೀವನದಲ್ಲಿ ಒಮ್ಮೆ ದಿನ ಸರಿಯಾಗಿ ಹೇಳಿದ್ದರು, ಅವತ್ತೇ ನಾನು ನಂಬಿರಲಿಲ್ಲ. ಊಟ ಮಾಡಿ ಜಗುಲಿಯ ಮೇಲೆ ಹಾಗೇ ನಿದ್ದೆಹೋದರು. ಪಕ್ಕದಲ್ಲಿ ಕೂತು ನೋಡಿದೆ. ಬಲಗೈ ಎಡಗೈಗಿಂತ ಎರಡು ಪಟ್ಟು ಕಪ್ಪು. ಕಿಟಕಿಯ ಮೇಲಿಟ್ಟು ಇಷ್ಟು ವರ್ಷ ಬಿಸಿಲಿಗೆ ಸುಟ್ಟ ಕೈ. ಕಿವಿಯ ಹಿಂದಿನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅದು ಯಾವಾಗ ಆಯಿತೋ ನನಗೆ ಗೊತ್ತೇ ಇರಲಿಲ್ಲ.

ಮಾರನೆಯ ದಿನ ರಜೆ ಅರ್ಜಿ ಕೊಟ್ಟೆ. ಕಾರಣ ಅಂತ ಇದ್ದ ಕಡೆ 'ಗಂಡ ಮನೆಯಲ್ಲಿದ್ದಾರೆ' ಅಂತ ಬರೆದಿದ್ದೆ.

ಸೂಪರ್‌ವೈಸರ್ ಕನ್ನಡಕ ಏರಿಸಿಕೊಂಡು, "ಇದೂ ಒಂದು ಕಾರಣಾನೇನಮ್ಮಾ?" ಅಂದರು.

"ನಮ್ಮನೇಲಿ ಇದು ಹಬ್ಬಕ್ಕಿಂತ ಅಪರೂಪ ಸಾರ್" ಅಂದೆ.

ಒಂದು ದಿನ ಕೇಳಿದ್ದೆ. ಅವರು ಅದನ್ನು ಹೊಡೆದುಹಾಕಿ ಮೂರು ಅಂತ ತಿದ್ದಿ ಸಹಿ ಹಾಕಿದರು.